30×40 ಸೈಟಿನ ಒಂದು ಮನೆ ಕಟ್ಟುತ್ತಾ ರೆವಿಟ್ ಕಲಿಯೋಣ: ಹೊಸಬರಿಗೆ ಸಮಗ್ರ ಮಾರ್ಗದರ್ಶಿ

ಕಟ್ಟಡಗಳನ್ನು ಕಂಪ್ಯೂಟರಿನಲ್ಲಿ ಮಾಡೆಲ್ ಮಾಡುವ ಸಾಫ್ಟ್‌ವೇರ್ ರೆವಿಟ್. ಅದನ್ನು ತೆರೆದರೆ ಮೇಲ್ಗಡೆ ಸಾಲುಸಾಲು ಬಟನ್‌ಗಳು. ಹೊಸಬರು ಸಾಮಾನ್ಯವಾಗಿ ಎಡಗಡೆಯಿಂದ ಶುರು ಮಾಡಿ ಒಂದೊಂದನ್ನೇ ಒತ್ತಿ ನೋಡುತ್ತಾ ಹೋಗುತ್ತಾರೆ. ವಾಲ್ ಆಯ್ತು, ಡೋರ್ ಆಯ್ತು, ವಿಂಡೋ ಆಯ್ತು. ಕೆಲವೇ ದಿನದಲ್ಲಿ ಟೂಲ್‌ಗಳ ಹೆಸರೆಲ್ಲ ಬಾಯಿಪಾಠ. ಆದರೆ "ಒಂದು ಮನೆ ಮಾಡಿ ತೋರಿಸಿ" ಅಂದರೆ ಕೈ ಓಡುವುದಿಲ್ಲ.

ಅದಕ್ಕೇ ಇಲ್ಲಿ ಟೂಲ್‌ಗಳ ಪಟ್ಟಿ ಕೊಡುತ್ತಿಲ್ಲ. ಒಂದೇ ಒಂದು ಮನೆಯನ್ನು ಪ್ಲಿಂತ್‌ನಿಂದ (ಮನೆಯೊಳಗಿನ ನೆಲದ ಮಟ್ಟ) ಪ್ಯಾರಪೆಟ್‌ವರೆಗೆ (ಟೆರೇಸಿನ ಅಂಚಿನ ಗಿಡ್ಡ ಗೋಡೆ) ಕಟ್ಟೋಣ, ಕೊನೆಗೆ ಶೀಟ್ ಮಾಡಿ ಪಿಡಿಎಫ್ ತೆಗೆಯೋಣ. ಯಾವ ಟೂಲ್ ಬೇಕೋ ಅದನ್ನು ಬೇಕಾದಾಗ ಕಲಿತರೆ ಸಾಕು. ಮೇಸ್ತ್ರಿ ಯಾವ ಕ್ರಮದಲ್ಲಿ ಮನೆ ಕಟ್ಟುತ್ತಾರೋ ಹೆಚ್ಚುಕಮ್ಮಿ ಅದೇ ಕ್ರಮದಲ್ಲಿ ಮಾಡೆಲ್ ಮಾಡಿದರೆ ರೆವಿಟ್ ನಿಮ್ಮ ಮಾತು ಕೇಳುತ್ತದೆ. ಕ್ರಮ ತಪ್ಪಿದರೆ ಪ್ರತಿ ಹೆಜ್ಜೆಗೂ ತಕರಾರು ತೆಗೆಯುತ್ತದೆ.

ರೆವಿಟ್ಟೇ ಯಾಕೆ?

ಗೆರೆ ಎಳೆದು ನಕ್ಷೆ ಬರೆಯುವ ಸಾಫ್ಟ್‌ವೇರ್ ಆಟೋಕ್ಯಾಡ್ 1982ರಿಂದ ಇದೆ. ಅದರಲ್ಲಿ ಪ್ಲಾನ್ ಬರೆಯುವಾಗ ಗೋಡೆ ಅಂದರೆ ಎರಡು ಗೆರೆ. ಪ್ಲಾನ್‌ನಲ್ಲಿ ಕಿಟಕಿ ಸರಿಸಿದರೆ ಎಲಿವೇಷನ್‌ನಲ್ಲೂ (ಹೊರಗಿನಿಂದ ನೇರ ನೋಟ) ಸೆಕ್ಷನ್‌ನಲ್ಲೂ (ಉದ್ದುದ್ದ ಕೊಯ್ದ ನೋಟ) ನೀವೇ ಹೋಗಿ ಸರಿಸಬೇಕು. ರೆವಿಟ್‌ನಲ್ಲಿ ಗೋಡೆ ಅಂದರೆ ಗೋಡೆಯೇ. ಅದಕ್ಕೆ ದಪ್ಪ, ಎತ್ತರ, ಒಳಗಿನ ಬ್ಲಾಕು, ಮೇಲಿನ ಪ್ಲಾಸ್ಟರ್ ಎಲ್ಲ ಇರುತ್ತವೆ. ಕಿಟಕಿಯನ್ನು ಒಂದು ಕಡೆ ಸರಿಸಿದರೆ ಎಲ್ಲ ಡ್ರಾಯಿಂಗ್‌ನಲ್ಲೂ ಸರಿಯುತ್ತದೆ, ಲೆಕ್ಕದ ಪಟ್ಟಿಯೂ ಬದಲಾಗುತ್ತದೆ. ಇಂಥ ಮಾಡೆಲಿಂಗ್‌ಗೆ ಬಿಮ್ (ಬಿಲ್ಡಿಂಗ್ ಇನ್ಫರ್ಮೇಷನ್ ಮಾಡೆಲಿಂಗ್) ಅನ್ನುತ್ತಾರೆ. ರೆವಿಟ್ ಮೊದಲು ಹೊರಬಂದದ್ದು 2000ದಲ್ಲಿ, ಆಟೋಡೆಸ್ಕ್ ಅದನ್ನು ಕೊಂಡದ್ದು 2002ರಲ್ಲಿ. ಬ್ರಿಟನ್ ತನ್ನ ಕೇಂದ್ರ ಸರ್ಕಾರದ ಕಟ್ಟಡ ಕೆಲಸಗಳಿಗೆ 2016ರ ಏಪ್ರಿಲ್‌ನಿಂದ ಬಿಮ್ ಕಡ್ಡಾಯ ಮಾಡಿತು. ಹೊರದೇಶದ ಕಟ್ಟಡಗಳ ಮಾಡೆಲ್ ಬೆಂಗಳೂರಿನ ಎಷ್ಟೋ ಆಫೀಸುಗಳಲ್ಲಿ ತಯಾರಾಗುತ್ತದೆ. ಸಿವಿಲ್ ಡಿಪ್ಲೊಮಾ ಮುಗಿಸಿದವರು ಕೆಲಸ ಹುಡುಕುವಾಗ ರೆವಿಟ್ ಬರುತ್ತಾ ಅನ್ನೋ ಪ್ರಶ್ನೆ ಬರುವುದು ಇದಕ್ಕೇ.

ಬರೀ ಆಕಾರ ನೋಡಬೇಕು, ಮನೆಯವರಿಗೆ ಹೊರನೋಟ ತೋರಿಸಬೇಕು ಅಂದರೆ ಸ್ಕೆಚ್‌ಅಪ್ ಸಾಕು, ಬೇಗ ಕೈಗೆ ಹತ್ತುತ್ತದೆ. ದುಡ್ಡು ಕೊಡುವ ಹಾಗಿಲ್ಲ ಅನ್ನುವವರಿಗೆ ಫ್ರೀಕ್ಯಾಡ್ ಇದೆ, ಬ್ಲೆಂಡರ್ ಜೊತೆ ಸೇರುವ ಬಾನ್ಸಾಯ್ ಇದೆ. ಎರಡೂ ಪೂರ್ತಿ ಉಚಿತ. ಮುಂದೆ ಹೇಳುವ ಕ್ರಮ ಅವುಗಳಿಗೂ ಬಹುಪಾಲು ಹೊಂದುತ್ತದೆ, ಬಟನ್ ಮಾತ್ರ ಬೇರೆ.

ಶುರು ಮಾಡುವ ಮೊದಲು

ರೆವಿಟ್ ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ. ಈಚಿನ ಆವೃತ್ತಿಗಳಿಗೆ 16 ಜಿಬಿ ರ‍್ಯಾಮ್ ಬೇಕು. ಎಸ್‌ಎಸ್‌ಡಿ ಇದ್ದರೆ ತುಂಬಾ ಅನುಕೂಲ. ವಿದ್ಯಾರ್ಥಿಗಳಿಗೆ ಆಟೋಡೆಸ್ಕ್ ಒಂದು ವರ್ಷದ ಉಚಿತ ಲೈಸೆನ್ಸ್ ಕೊಡುತ್ತದೆ. ಓದುತ್ತಿರುವ ತನಕ ವರ್ಷವರ್ಷ ನವೀಕರಿಸಬಹುದು, ಆದರೆ ಅದರಲ್ಲಿ ದುಡ್ಡಿನ ಕೆಲಸ ಮಾಡುವಂತಿಲ್ಲ. ಉಳಿದವರಿಗೆ 30 ದಿನದ ಟ್ರಯಲ್ ಇದೆ. ಕ್ರ್ಯಾಕ್ ಮಾಡಿದ ಕಾಪಿ ದಯವಿಟ್ಟು ಬೇಡ. ಕಾನೂನಿನ ಮಾತು ಹಾಗಿರಲಿ, ಅದರ ಜೊತೆ ವೈರಸ್ ಒಳಗೆ ಬಂದರೆ ನಿಮ್ಮ ಫೈಲುಗಳೆಲ್ಲ ಹೋಗುತ್ತವೆ.

ಆವೃತ್ತಿಯ ವಿಷಯದಲ್ಲಿ ಜೋಪಾನ. ಹೊಸ ರೆವಿಟ್‌ನಲ್ಲಿ ಸೇವ್ ಮಾಡಿದ ಫೈಲ್ ಹಳೆಯ ರೆವಿಟ್‌ನಲ್ಲಿ ತೆರೆಯುವುದೇ ಇಲ್ಲ. ಹಳೆಯ ಆವೃತ್ತಿಗೆ ಸೇವ್ ಮಾಡುವ ದಾರಿಯೂ ಇಲ್ಲ. ಕಾಲೇಜಿನ ಲ್ಯಾಬ್‌ನಲ್ಲಿ 2022 ಇದ್ದು ಮನೆಯಲ್ಲಿ 2025 ಹಾಕಿಕೊಂಡರೆ ಮನೆಯ ಕೆಲಸ ಮನೆಯಲ್ಲೇ ಉಳಿಯುತ್ತದೆ. ಎರಡೂ ಕಡೆ ಒಂದೇ ಇರಲಿ.

ಇನ್ನು ಕಾಗದದ ಕೆಲಸ. ನಮ್ಮ ಸೈಟು 30×40, ಅಂದರೆ 1200 ಚದರ ಅಡಿ, 12 ಚದರ. ಅಭ್ಯಾಸಕ್ಕೆ ಮುಂದೆ 5 ಅಡಿ, ಹಿಂದೆ ಮತ್ತು ಎರಡೂ ಪಕ್ಕ 3 ಅಡಿ ಬಿಡೋಣ. ನಿಜವಾದ ಮನೆಗೆ ನಿಮ್ಮ ಊರಿನ ನಿಯಮವೇ ಲೆಕ್ಕ. ಉಳಿಯುವುದು 24×32 ಅಡಿ. ಕೆಳಗೆ ಹಾಲ್, ಅಡುಗೆಮನೆ, ದೇವರಮನೆ, ಒಂದು ರೂಮು, ಬಚ್ಚಲು, ಮೆಟ್ಟಿಲು. ಮೇಲೆ ಎರಡು ಬೆಡ್‌ರೂಮು. ಇದನ್ನು ಪೆನ್ಸಿಲ್‌ನಲ್ಲಿ ಒಂದು ಹಾಳೆಯ ಮೇಲೆ ಅಳತೆ ಸಮೇತ ಬರೆದುಕೊಳ್ಳಿ. ಯೋಚಿಸುವುದನ್ನೂ ಟೂಲ್ ಕಲಿಯುವುದನ್ನೂ ಒಟ್ಟಿಗೆ ಮಾಡಲು ಹೋದರೆ ಎರಡೂ ಕೆಡುತ್ತವೆ. ನಿಮ್ಮ ಸ್ವಂತ ಮನೆಯನ್ನೇ ಟೇಪ್ ಹಿಡಿದು ಅಳೆದು ಮಾಡಿದರೆ ಇನ್ನೂ ಒಳ್ಳೆಯದು. ಅನುಮಾನ ಬಂದಾಗ ಎದ್ದು ಹೋಗಿ ನೋಡಬಹುದು, ಅಲ್ವಾ?

ಮೊದಲು ಲೆವೆಲ್, ಆಮೇಲೆ ಉಳಿದದ್ದು

ಹೊಸ ಪ್ರಾಜೆಕ್ಟ್ ತೆರೆಯುವಾಗ ಮೆಟ್ರಿಕ್ ಆರ್ಕಿಟೆಕ್ಚರಲ್ ಟೆಂಪ್ಲೇಟ್ ಆರಿಸಿ. ಕೀಬೋರ್ಡ್‌ನಲ್ಲಿ ಯು-ಎನ್ (ಒಂದಾದ ಮೇಲೊಂದು) ಒತ್ತಿದರೆ ಯೂನಿಟ್ಸ್ ಬರುತ್ತದೆ, ಮಿಲಿಮೀಟರ್ ಇಡಿ. ಅಡಿ ಇಂಚಿನ ಲೆಕ್ಕವೇ ಅಭ್ಯಾಸವಾಗಿದ್ದರೆ ಚಿಂತೆ ಇಲ್ಲ. ಅಳತೆ ಕೇಳುವ ಕಡೆ 24' ಎಂದು ಟೈಪ್ ಮಾಡಿ ಎಂಟರ್ ಒತ್ತಿ, ರೆವಿಟ್ ಅದನ್ನು ತಾನೇ 7315 ಮಿಮೀ ಮಾಡಿಕೊಳ್ಳುತ್ತದೆ. ಮುಂದೆ = ಗುರುತು ಹಾಕಿ =3000/18 ಅಂತ ಲೆಕ್ಕವನ್ನೇ ಟೈಪ್ ಮಾಡಿದರೂ ತೆಗೆದುಕೊಳ್ಳುತ್ತದೆ.

ಈಗ ಪ್ಲಾನ್ ಬಿಟ್ಟು ಎಲಿವೇಷನ್‌ಗೆ ಹೋಗಿ. ಲೆವೆಲ್ ಅಂದರೆ ಪ್ರತಿ ಮಹಡಿಯ ಎತ್ತರ ಗುರುತಿಸುವ ಗೆರೆ. ಅದನ್ನು ಹಾಕುವುದು ಎಲಿವೇಷನ್ ಅಥವಾ ಸೆಕ್ಷನ್‌ನಲ್ಲಿ ಮಾತ್ರ ಸಾಧ್ಯ, ಪ್ಲಾನ್‌ನಲ್ಲಿ ಆ ಬಟನ್ ಕೆಲಸ ಮಾಡುವುದಿಲ್ಲ. ಎರಡು ಲೆವೆಲ್ ಮೊದಲೇ ಇರುತ್ತವೆ. ಮೊದಲನೆಯದಕ್ಕೆ ಪ್ಲಿಂತ್ ಎಂದು ಹೆಸರಿಡಿ, ಅದು 0. ವ್ಯೂಗಳ ಹೆಸರನ್ನೂ ಬದಲಿಸಲೇ ಎಂದು ಕೇಳಿದರೆ ಯೆಸ್ ಅನ್ನಿ. ಎರಡನೆಯದು ಮೊದಲ ಮಹಡಿ, 3000. ಇನ್ನು ಲೆವೆಲ್ ಟೂಲ್ ಅಂದರೆ ಎಲ್-ಎಲ್ ಒತ್ತಿ ಮೂರು ಸೇರಿಸಿ: ನೆಲಮಟ್ಟ −600, ಟೆರೇಸ್ 6000, ಪ್ಯಾರಪೆಟ್ 7000.

ಲೆವೆಲ್ ಅನ್ನು ಕಾಪಿ ಮಾಡಿದರೆ ಅದರ ಗುರುತಿನ ತಲೆ ಕಪ್ಪಾಗಿ ಕಾಣುತ್ತದೆ. ಅದಕ್ಕೆ ಪ್ಲಾನ್ ವ್ಯೂ ಇನ್ನೂ ಹುಟ್ಟಿಲ್ಲ ಎಂದರ್ಥ. ವ್ಯೂ ಟ್ಯಾಬ್‌ನಲ್ಲಿ ಪ್ಲಾನ್ ವ್ಯೂಸ್, ಫ್ಲೋರ್ ಪ್ಲಾನ್ ಒತ್ತಿ ಸೇರಿಸಿಕೊಳ್ಳಿ, ತಲೆ ನೀಲಿಯಾಗುತ್ತದೆ. ಲೆವೆಲ್ ಮುಗಿದ ಮೇಲೆ ಎಲ್ಲವನ್ನೂ ಆರಿಸಿ ಪಿ-ಎನ್ ಒತ್ತಿ ಪಿನ್ ಮಾಡಿ. ಕೈ ತಪ್ಪಿ ಒಂದು ಲೆವೆಲ್ ಸರಿದರೂ ಇಡೀ ಮಹಡಿ ಸರಿಯುತ್ತದೆ.

ಗ್ರಿಡ್, ಅಂದರೆ ಕಾಲಂಗಳ ಜಾಗ ಗುರುತಿಸುವ ಗೆರೆ, ಹಾಕಲು ಜಿ-ಆರ್. ಕಾಲಂ ಎಲ್ಲಿ ಬರುತ್ತದೋ ಅಲ್ಲಿ ಗ್ರಿಡ್‌ಗಳು ಸಂಧಿಸಲಿ. ಸ್ಟ್ರಕ್ಚರಲ್ ಕಾಲಂ ಇಡುವಾಗ ಮೇಲಿನ ಪಟ್ಟಿಯಲ್ಲಿ ಡೆಪ್ತ್ ಎಂದು ಇರುತ್ತದೆ. ಅದನ್ನು ಹೈಟ್ ಎಂದು ಬದಲಿಸಿ ಮೊದಲ ಮಹಡಿ ಆರಿಸಿ. ಹಾಗೇ ಬಿಟ್ಟರೆ ಕಾಲಂ ಮೇಲಕ್ಕೆ ಏಳುವ ಬದಲು ನೆಲದೊಳಕ್ಕೆ ಇಳಿಯುತ್ತದೆ.

ಗೋಡೆ: ಇಲ್ಲಿ ಅವಸರ ಬೇಡ

ಡಬ್ಲ್ಯೂ-ಎ ಒತ್ತಿದರೆ ವಾಲ್ ಟೂಲ್. ಆದರೆ ಎಳೆಯುವ ಮೊದಲು ನಮ್ಮ ಗೋಡೆಯನ್ನು ತಯಾರು ಮಾಡಿಕೊಳ್ಳಬೇಕು. ಜೆನೆರಿಕ್ 200 ಆರಿಸಿ, ಎಡಿಟ್ ಟೈಪ್, ಡೂಪ್ಲಿಕೇಟ್. "ಸಾಲಿಡ್ ಬ್ಲಾಕ್ 200 ಹೊರಗೋಡೆ" ಅಂತ ಹೆಸರು ಕೊಡಿ. ಸ್ಟ್ರಕ್ಚರ್ ಎಡಿಟ್ ಒಳಗೆ ಹೊರಗಡೆಗೆ 15 ಮಿಮೀ ಪ್ಲಾಸ್ಟರ್, ಒಳಗಡೆಗೆ 12 ಮಿಮೀ ಪ್ಲಾಸ್ಟರ್ ಸೇರಿಸಿ, ಎರಡನ್ನೂ ಕೋರ್ (ಗೋಡೆಯ ಒಳಗಿನ ಬ್ಲಾಕು) ಗೆರೆಗಳ ಆಚೆ ಇಡಿ. ಒಟ್ಟು 227 ಆಗುತ್ತದೆ. ಹಾಗೆಯೇ 4 ಇಂಚಿನ ಬ್ಲಾಕಿನ ಒಳಗೋಡೆಗೆ ಇನ್ನೊಂದು ಟೈಪ್ ಮಾಡಿ.

ಡೂಪ್ಲಿಕೇಟ್ ಒತ್ತುವುದನ್ನು ಮರೆಯಬೇಡಿ. ಟೈಪ್‌ನಲ್ಲಿ ಮಾಡಿದ ಬದಲಾವಣೆ ಆ ಟೈಪಿನ ಎಲ್ಲ ಗೋಡೆಗೂ ಒಂದೇ ಏಟಿಗೆ ಹೋಗುತ್ತದೆ. ಬಾಗಿಲು, ಕಿಟಕಿ, ಸ್ಲ್ಯಾಬು, ಮೆಟ್ಟಿಲು ಎಲ್ಲಕ್ಕೂ ಇದೇ ನಿಯಮ. ಪ್ರಾಪರ್ಟೀಸ್ ಪಟ್ಟಿಯಲ್ಲಿ ಕಾಣುವುದು ಆ ಒಂದು ಗೋಡೆಗೆ, ಎಡಿಟ್ ಟೈಪ್ ಒಳಗಿರುವುದು ಆ ಜಾತಿಗೇ. ರೆವಿಟ್‌ನಲ್ಲಿ ಇದೊಂದು ಚೆನ್ನಾಗಿ ಅರ್ಥವಾದರೆ ಅರ್ಧ ಕಲಿತ ಹಾಗೆ.

ಲೊಕೇಷನ್ ಲೈನ್ ಅನ್ನು ಕೋರ್ ಫೇಸ್ ಎಕ್ಸ್‌ಟೀರಿಯರ್ ಮಾಡಿ. ಸೈಟಿನಲ್ಲಿ ಮೇಸ್ತ್ರಿ ಅಳತೆ ಹಿಡಿಯುವುದು ಬ್ಲಾಕಿನ ಮುಖಕ್ಕೆ. ಪ್ಲಾಸ್ಟರ್ ಆಮೇಲೆ ಬರುತ್ತದೆ. ಬೇಸ್ ಕನ್‌ಸ್ಟ್ರೇಂಟ್ (ಗೋಡೆಯ ಬುಡ ಯಾವ ಲೆವೆಲ್‌ಗೆ) ನೆಲಮಟ್ಟ, ಟಾಪ್ ಕನ್‌ಸ್ಟ್ರೇಂಟ್ (ತಲೆ ಯಾವ ಲೆವೆಲ್‌ಗೆ) ಮೊದಲ ಮಹಡಿ. ಈಗ ಪ್ಲಿಂತ್ ಪ್ಲಾನ್‌ನಲ್ಲಿ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ 24' ಮತ್ತು 32' ಗೋಡೆಗಳನ್ನು ಎಳೆಯಿರಿ. ಹಾಗೆ ಎಳೆದರೆ ಹೊರಮುಖ ಹೊರಗೇ ಬೀಳುತ್ತದೆ. ತಿರುಗುಮುರುಗಾದರೆ ಸ್ಪೇಸ್ ಬಾರ್ ಒತ್ತಿ. ಒಳಗೋಡೆಗಳಿಗೆ ಬೇಸ್ ಪ್ಲಿಂತ್ ಇರಲಿ.

ಟಾಪ್ ಕನ್‌ಸ್ಟ್ರೇಂಟ್ ಅನ್ನು ಅನ್‌ಕನೆಕ್ಟೆಡ್ ಎಂದು ಬಿಟ್ಟು ಎತ್ತರವನ್ನು ಒಳಗೋಡೆಗೆ 3000, ಹೊರಗೋಡೆಗೆ 3600 ಎಂದು ಹಾಕುವವರು ಜಾಸ್ತಿ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ಆಮೇಲೆ ಗೊತ್ತಾಗುತ್ತದೆ, ಅದಕ್ಕೆ ಕೊನೆಯಲ್ಲಿ ಒಂದು ಪರೀಕ್ಷೆ ಇಟ್ಟಿದ್ದೇನೆ.

ಗೋಡೆ ಸರಿಪಡಿಸಲು ನಾಲ್ಕೈದು ಟೂಲ್ ಸಾಕು. ಸಾಲಿಗೆ ತರಲು ಎ-ಎಲ್, ಮೂಲೆ ಕೂಡಿಸಲು ಟಿ-ಆರ್, ತುಂಡು ಮಾಡಲು ಎಸ್-ಎಲ್, ಸರಿಸಲು ಎಂ-ವಿ, ಕಾಪಿಗೆ ಸಿ-ಒ. ಇದ್ದ ವಸ್ತುವಿನಂಥದ್ದೇ ಇನ್ನೊಂದು ಬೇಕಾದರೆ ಅದನ್ನು ಆರಿಸಿ ಸಿ-ಎಸ್. ಈ ಕೊನೆಯದನ್ನು ದಿನವಿಡೀ ಬಳಸುತ್ತೀರಿ.

ಬಾಗಿಲು, ಕಿಟಕಿ, ಸ್ಲ್ಯಾಬು

ಡಿ-ಆರ್ ಬಾಗಿಲು, ಡಬ್ಲ್ಯೂ-ಎನ್ ಕಿಟಕಿ. ಮುಂಬಾಗಿಲು 1050×2100, ರೂಮಿಗೆ 900×2100, ಬಚ್ಚಲಿಗೆ 750×2100. ಇವನ್ನೂ ಡೂಪ್ಲಿಕೇಟ್ ಮಾಡಿಯೇ ಅಳತೆ ಬದಲಿಸಿ. ಇಡುವಾಗ ಸ್ಪೇಸ್ ಬಾರ್ ಒತ್ತಿದರೆ ಬಾಗಿಲು ತೆರೆಯುವ ದಿಕ್ಕು ಬದಲಾಗುತ್ತದೆ. ಕಿಟಕಿಯ ಸಿಲ್ 900 ಇಟ್ಟು 1200 ಎತ್ತರದ ಕಿಟಕಿ ಹಾಕಿದರೆ ಮೇಲಂಚು 2100ಕ್ಕೆ, ಅಂದರೆ ಬಾಗಿಲಿನ ಮಟ್ಟಕ್ಕೇ ಬರುತ್ತದೆ. ಲಿಂಟಲ್ (ಬಾಗಿಲು ಕಿಟಕಿಯ ಮೇಲಿನ ಕಾಂಕ್ರೀಟ್ ಪಟ್ಟಿ) ಸುಮಾರು 7 ಅಡಿಗೆ ಒಂದೇ ಸಮ ಹೋಗುವುದು ಹೀಗೆ. ಹೊಸ್ತಿಲು ಇರುವ ತೇಗದ ಬಾಗಿಲು, ಗ್ರಿಲ್ ಇರುವ ಕಿಟಕಿ ರೆವಿಟ್‌ನ ಜೊತೆ ಬರುವ ಫ್ಯಾಮಿಲಿಗಳಲ್ಲಿ (ಸಿದ್ಧ ಮಾಡಿಟ್ಟ ಬಾಗಿಲು, ಕಿಟಕಿಗಳಂಥ ವಸ್ತುಗಳು) ಸಿಗುವುದು ಕಷ್ಟ. ಮೊದಲ ಮನೆಗೆ ಇದ್ದದ್ದನ್ನೇ ಹಾಕಿ. ಫ್ಯಾಮಿಲಿ ತಯಾರಿಸುವುದು ಬೇರೆಯೇ ವಿದ್ಯೆ, ಈಗಲೇ ಅದಕ್ಕೆ ಕೈ ಹಾಕಿದರೆ ಮನೆ ಅರ್ಧಕ್ಕೇ ನಿಲ್ಲುತ್ತದೆ.

ಸ್ಲ್ಯಾಬಿಗೆ ಫ್ಲೋರ್ ಟೂಲ್. 125 ಮಿಮೀ ಕಾಂಕ್ರೀಟು, ಅದರ ಮೇಲೆ ಗಾರೆ ಮತ್ತು ಟೈಲ್ಸ್ ಸೇರಿ 50, ಒಟ್ಟು 175. ರೆವಿಟ್‌ನಲ್ಲಿ ಫ್ಲೋರಿನ ಮೇಲ್ಮೈ ಲೆವೆಲ್‌ನಲ್ಲಿ ಕೂರುತ್ತದೆ, ದಪ್ಪ ಕೆಳಕ್ಕೆ ಬೆಳೆಯುತ್ತದೆ. ಮೊದಲ ಮಹಡಿಯ ಫ್ಲೋರ್ ಮುಗಿಸಿ ಹಸಿರು ಟಿಕ್ ಒತ್ತಿದಾಗ ಒಂದು ಪ್ರಶ್ನೆ ಬರುತ್ತದೆ: ಈ ಲೆವೆಲ್‌ವರೆಗೆ ಬಂದಿರುವ ಗೋಡೆಗಳನ್ನು ಸ್ಲ್ಯಾಬಿನ ಅಡಿಗೆ ಅಂಟಿಸಲೇ ಅಂತ. ಓದದೆ ಮುಚ್ಚಬೇಡಿ. ಹೌದು ಅಂದರೆ ಗೋಡೆ ಸ್ಲ್ಯಾಬಿನ ಕೆಳಗೇ ನಿಲ್ಲುತ್ತದೆ, ನಿಜವಾಗಿ ಕಟ್ಟುವುದೂ ಹಾಗೇ. ಬೇಡ ಅಂದರೆ ಗೋಡೆ ಸ್ಲ್ಯಾಬಿನೊಳಗೆ ನುಗ್ಗಿರುತ್ತದೆ. ಲೆಕ್ಕ ತೆಗೆದಾಗ ಬ್ಲಾಕೂ ಕಾಂಕ್ರೀಟೂ ಒಂದೇ ಜಾಗಕ್ಕೆ ಎರಡು ಸಲ ಬರುತ್ತವೆ.

ಮೇಲ್ಮಹಡಿಯ ಗೋಡೆಗಳನ್ನೂ ಹೀಗೇ ಎಳೆಯಿರಿ: ಬೇಸ್ ಮೊದಲ ಮಹಡಿ, ಟಾಪ್ ಟೆರೇಸ್. ಪ್ಯಾರಪೆಟ್ ಗೋಡೆಗೆ ಬೇಸ್ ಟೆರೇಸ್, ಟಾಪ್ ಪ್ಯಾರಪೆಟ್. ಟೆರೇಸಿಗೂ ಇದೇ ಫ್ಲೋರ್ ಟೂಲ್ ಸಾಕು. ನಮ್ಮದು ಸಮತಟ್ಟು ಆರ್‌ಸಿಸಿ, ಇಳಿಜಾರು ಹೆಂಚಿನ ಮಾಡಾದರೆ ಮಾತ್ರ ರೂಫ್ ಟೂಲ್ ಬೇಕು.

ಮೆಟ್ಟಿಲು

ಹೊಸಬರು ಹೆದರುವ ಜಾಗ ಇದು. ಆದರೆ ಲೆಕ್ಕ ಮೊದಲು ಮಾಡಿಟ್ಟುಕೊಂಡರೆ ತುಂಬಾ ಸಲೀಸು. ಪ್ಲಿಂತ್‌ನಿಂದ ಮೊದಲ ಮಹಡಿಗೆ 3000. ಅದನ್ನು 18 ರೈಸರ್ (ಒಂದೊಂದು ಮೆಟ್ಟಿಲಿನ ಎತ್ತರ) ಮಾಡಿದರೆ ಒಂದಕ್ಕೆ 166.7 ಮಿಮೀ, ಸುಮಾರು ಆರೂವರೆ ಇಂಚು. ವಯಸ್ಸಾದವರಿಗೂ ಹತ್ತಲು ಆರಾಮ. ರಾಷ್ಟ್ರೀಯ ಕಟ್ಟಡ ಸಂಹಿತೆ ಮನೆಗಳಿಗೆ ಹೇಳುವುದು ರೈಸರ್ 190ಕ್ಕಿಂತ ಹೆಚ್ಚಿರಬಾರದು, ಟ್ರೆಡ್ (ಕಾಲಿಡುವ ಅಗಲ) 250ಕ್ಕಿಂತ ಕಡಿಮೆ ಇರಬಾರದು ಅಂತ. ಎರಡು ಸಾಲಿನ ಮೆಟ್ಟಿಲಾದರೆ ಸಾಲಿಗೆ 9 ರೈಸರ್, 8 ಟ್ರೆಡ್. 8×250 ಅಂದರೆ 2000. ತಿರುಗುವ ಲ್ಯಾಂಡಿಂಗ್ 1000 ಸೇರಿಸಿದರೆ ಉದ್ದಕ್ಕೆ 3 ಮೀಟರ್ ಜಾಗ ಬೇಕು. ಈ ಜಾಗ ನಿಮ್ಮ ಪೆನ್ಸಿಲ್ ಪ್ಲಾನ್‌ನಲ್ಲಿ ಇದೆಯೇ ನೋಡಿಕೊಳ್ಳಿ.

ಸ್ಟೇರ್ ಟೂಲ್ ಒತ್ತಿ. ಟೈಪ್ ಡೂಪ್ಲಿಕೇಟ್ ಮಾಡಿ ಗರಿಷ್ಠ ರೈಸರ್ 190, ಕನಿಷ್ಠ ಟ್ರೆಡ್ 250 ಹಾಕಿ. ಪ್ರಾಪರ್ಟೀಸ್‌ನಲ್ಲಿ ಬೇಸ್ ಪ್ಲಿಂತ್, ಟಾಪ್ ಮೊದಲ ಮಹಡಿ, ಬೇಕಾದ ರೈಸರ್ ಸಂಖ್ಯೆ 18, ಟ್ರೆಡ್ 250. ಈಗ ರನ್ ಎಳೆಯಲು ಶುರು ಮಾಡಿ. ಮೌಸ್ ಸರಿಸಿದ ಹಾಗೆ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಎಷ್ಟು ರೈಸರ್ ಆಯ್ತು, ಎಷ್ಟು ಬಾಕಿ ಎಂದು ತೋರಿಸುತ್ತಾ ಹೋಗುತ್ತದೆ. 9 ಆಯ್ತು, 9 ಬಾಕಿ ಎಂದು ಬಂದ ಕೂಡಲೇ ಕ್ಲಿಕ್ ಮಾಡಿ. ಪಕ್ಕಕ್ಕೆ ಬಂದು ಉಳಿದ 9 ಅನ್ನು ವಾಪಸ್ ದಿಕ್ಕಿಗೆ ಎಳೆಯಿರಿ. ಲ್ಯಾಂಡಿಂಗ್ ತಾನೇ ಕೂಡಿಕೊಳ್ಳುತ್ತದೆ.

ಮೇಲಿನ ಸ್ಲ್ಯಾಬಿನಲ್ಲಿ ಮೆಟ್ಟಿಲಿಗೆ ತೂತು ಬೇಕಲ್ಲ, ಅದಕ್ಕೆ ಶಾಫ್ಟ್ ಓಪನಿಂಗ್. ಆಮೇಲೆ ಮೆಟ್ಟಿಲಿನ ಉದ್ದಕ್ಕೆ ಒಂದು ಸೆಕ್ಷನ್ ಗೆರೆ ಎಳೆದು ಒಳಗೆ ಹೋಗಿ ನೋಡಿ. ಹತ್ತುವವರ ತಲೆ ಸ್ಲ್ಯಾಬಿಗೆ ತಾಗುತ್ತದೆಯೇ? ಮೆಟ್ಟಿಲಿನಿಂದ ನೇರ ಮೇಲಕ್ಕೆ ಅಳತೆ ತೆಗೆದು 7 ಅಡಿಗಿಂತ ಜಾಸ್ತಿ ಇದೆಯೇ ಖಚಿತ ಮಾಡಿಕೊಳ್ಳಿ. ಸೈಟಿನಲ್ಲಿ ಮೋಲ್ಡ್ ಹಾಕಿದ ಮೇಲೆ ಗೊತ್ತಾದರೆ ಒಡೆಯಬೇಕಾಗುತ್ತದೆ. ಇಲ್ಲಿ ಶಾಫ್ಟ್ ಅನ್ನು ಎರಡು ಕ್ಲಿಕ್‌ನಲ್ಲಿ ಉದ್ದ ಮಾಡಬಹುದು. ಸಾಫ್ಟ್‌ವೇರ್ ಕಲಿತದ್ದಕ್ಕೆ ನಿಜವಾದ ಫಲ ಸಿಗುವುದು ಇಂಥ ಕಡೆ.

ಹಾಕಿದ್ದು ಕಾಣುತ್ತಿಲ್ಲವೇ?

ರೆವಿಟ್ ಕಲಿಯುವವರನ್ನು ಅತಿ ಹೆಚ್ಚು ಗೋಳಾಡಿಸುವುದು ಇದು. ಬೀಮ್ ಹಾಕುತ್ತೀರಿ, ಕಾಣುವುದಿಲ್ಲ. ಮತ್ತೆ ಹಾಕುತ್ತೀರಿ, ಆಗಲೂ ಇಲ್ಲ. ಕೊನೆಗೆ ತ್ರೀಡಿಗೆ ಹೋದರೆ ಒಂದೇ ಜಾಗದಲ್ಲಿ ಎರಡು ಬೀಮ್ ಇರುತ್ತವೆ.

ಪ್ಲಾನ್ ಅಂದರೆ ಮನೆಯನ್ನು 1200 ಮಿಮೀ ಎತ್ತರದಲ್ಲಿ ಅಡ್ಡ ಕೊಯ್ದು ಮೇಲಿಂದ ಕೆಳಗೆ ನೋಡುವ ನೋಟ. ಬೀಮ್ ಲೆವೆಲ್‌ನಿಂದ ಕೆಳಕ್ಕೆ ಜೋತುಬಿದ್ದಿರುತ್ತದೆ. ಅದು ನೋಟದ ವ್ಯಾಪ್ತಿಗೇ ಬರುವುದಿಲ್ಲ. ವಿ-ಆರ್ ಒತ್ತಿ ವ್ಯೂ ರೇಂಜ್ ತೆರೆದು ಬಾಟಮ್ ಮತ್ತು ವ್ಯೂ ಡೆಪ್ತ್ ಎರಡನ್ನೂ −600ಕ್ಕೆ ಇಳಿಸಿ, ಕಾಣುತ್ತದೆ. ಬೀಮ್ ಅಲ್ಲದೆ ಬೇರೇನೋ ಮಾಯವಾಗಿದ್ದರೆ ಈ ಕ್ರಮದಲ್ಲಿ ಹುಡುಕಿ. ವ್ಯೂ ಸುತ್ತ ತಿಳಿನೀಲಿ ಚೌಕಟ್ಟು ಇದೆಯೇ? ಹಾಗಾದರೆ ಯಾವುದೋ ತಾತ್ಕಾಲಿಕವಾಗಿ ಅಡಗಿದೆ, ಎಚ್-ಆರ್ ಒತ್ತಿ. ಇಲ್ಲವೇ? ಕೆಳಗಿನ ಪಟ್ಟಿಯಲ್ಲಿರುವ ಬಲ್ಬ್ ಒತ್ತಿ, ಅಡಗಿಸಿದ ವಸ್ತುಗಳೆಲ್ಲ ಬೇರೆ ಬಣ್ಣದಲ್ಲಿ ಕಾಣುತ್ತವೆ. ಅಲ್ಲೂ ಇಲ್ಲ ಅಂದರೆ ವಿ-ವಿ ಒತ್ತಿ ಆ ವಿಭಾಗದ ಟಿಕ್ ಹೋಗಿದೆಯೇ ನೋಡಿ. ಸುಮ್ನೆ ಇನ್ನೊಂದು ಸಲ ಹಾಕಬೇಡಿ.

ಮೂಲೆಯಲ್ಲಿ ಬರುವ ಹಳದಿ ಎಚ್ಚರಿಕೆಗಳನ್ನೂ ಓದಿ. ಗೋಡೆಗಳು ಒಂದರ ಮೇಲೊಂದು ಬಿದ್ದಿವೆ ಅಂದರೆ ನಿಜಕ್ಕೂ ಬಿದ್ದಿವೆ. ಮ್ಯಾನೇಜ್ ಟ್ಯಾಬ್‌ನಲ್ಲಿ ವಾರ್ನಿಂಗ್ಸ್ ಪಟ್ಟಿ ಸಿಗುತ್ತದೆ, ದಿನದ ಕೊನೆಗೆ ಒಮ್ಮೆ ಖಾಲಿ ಮಾಡಿ.

ಲೆಕ್ಕ ಮತ್ತು ಶೀಟು

ಆರ್-ಎಂ ಒತ್ತಿ ಪ್ರತಿ ಕೋಣೆಗೂ ರೂಮ್ ಇಡಿ, ಹೆಸರು ಬರೆಯಿರಿ. ಸರಿಯಾಗಿ ಮುಚ್ಚಿಲ್ಲ ಎಂದು ಬಂದರೆ ಎಲ್ಲೋ ಗೋಡೆಗಳ ನಡುವೆ ಸಂದು ಇದೆ, ಟಿ-ಆರ್‌ನಿಂದ ಕೂಡಿಸಿ.

ಈಗ ವ್ಯೂ ಟ್ಯಾಬ್‌ನಲ್ಲಿ ಶೆಡ್ಯೂಲ್ಸ್ ತೆರೆದು ಗೋಡೆ ಆರಿಸಿ. ಟೈಪ್, ಉದ್ದ, ಏರಿಯಾ ಮೂರು ಕಾಲಂ ಸಾಕು. ಮೇಲ್ಮಹಡಿಯ ಒಂದು ಗೋಡೆ ತೆಗೆದುಕೊಳ್ಳಿ: ಉದ್ದ 4 ಮೀಟರ್, ಸ್ಲ್ಯಾಬಿನ ಅಡಿಗೆ ನಿಂತದ್ದರಿಂದ ಎತ್ತರ 2.825. ಏರಿಯಾ 11.3 ಚದರ ಮೀಟರ್, ಮೂಲೆ ಸೇರುವಲ್ಲಿ ಸ್ವಲ್ಪ ಹೆಚ್ಚುಕಮ್ಮಿ. 400×200 ಮುಖದ ಬ್ಲಾಕಿಗೆ 10 ಮಿಮೀ ಗಾರೆ ಸೇರಿಸಿದರೆ ಒಂದು ಬ್ಲಾಕು 0.0861 ಚದರ ಮೀಟರ್ ಮುಚ್ಚುತ್ತದೆ. ಹಾಗಾಗಿ ಸುಮಾರು 131 ಬ್ಲಾಕು. ಆ ಗೋಡೆಗೆ 1500×1200 ಕಿಟಕಿ ಇಟ್ಟು ಮತ್ತೆ ಶೆಡ್ಯೂಲ್ ನೋಡಿ. ಏರಿಯಾ ತಾನೇ 9.5ಕ್ಕೆ ಇಳಿದಿರುತ್ತದೆ, ಬ್ಲಾಕು 110 ಸಾಕು. ನೀವು ಕಳೆಯುವ ಲೆಕ್ಕ ಮಾಡಿಯೇ ಇಲ್ಲ. ಬೀಮ್, ಲಿಂಟಲ್, ಒಡೆಯುವ ಬ್ಲಾಕು ಇವೆಲ್ಲ ಬೇರೆ, ಆದರೂ ಅಂದಾಜಿಗೆ ಇದಕ್ಕಿಂತ ಒಳ್ಳೆಯ ಆರಂಭ ಇಲ್ಲ.

ಶೀಟಿಗೆ ಎ2 ಆರಿಸಿ, ಪ್ಲಾನ್‌ಗಳನ್ನು 1:50ಕ್ಕೆ ಇಟ್ಟು ಪ್ರಾಜೆಕ್ಟ್ ಬ್ರೌಸರ್‌ನಿಂದ ಎಳೆದು ಬಿಡಿ. 32 ಅಡಿ ಹಾಳೆಯ ಮೇಲೆ 195 ಮಿಮೀ ಆಗುತ್ತದೆ, ಎರಡು ಪ್ಲಾನ್ ಅಕ್ಕಪಕ್ಕ ಆರಾಮವಾಗಿ ಕೂರುತ್ತವೆ. ಒಂದು ಪ್ಲಾನ್ ವ್ಯೂ ಒಂದೇ ಶೀಟಿಗೆ ಹೋಗುತ್ತದೆ, ಇನ್ನೊಂದು ಶೀಟಿಗೂ ಬೇಕಾದರೆ ವ್ಯೂ ಡೂಪ್ಲಿಕೇಟ್ ಮಾಡಿ. 2022ರ ಆವೃತ್ತಿಯಿಂದ ಎಕ್ಸ್‌ಪೋರ್ಟ್‌ನಲ್ಲೇ ಪಿಡಿಎಫ್ ಇದೆ.

ಮಾಡೆಲ್‌ಗೆ ಒಂದು ಪರೀಕ್ಷೆ

ಫೈಲಿನ ಕಾಪಿ ಇಟ್ಟುಕೊಳ್ಳಿ. ಮನೆಯವರು ಬಂದು "ಹಾಲ್ ಇನ್ನೂ ಅರ್ಧ ಅಡಿ ಎತ್ತರ ಇರಲಿ" ಅಂದರು ಅಂದುಕೊಳ್ಳಿ. ಎಲಿವೇಷನ್‌ಗೆ ಹೋಗಿ ಮೊದಲ ಮಹಡಿಯ ಪಿನ್ ತೆಗೆದು 3000 ಅನ್ನು 3150 ಮಾಡಿ. ಟೆರೇಸ್ ಮತ್ತು ಪ್ಯಾರಪೆಟ್ ಅನ್ನೂ 150 ಏರಿಸಿ. ಈಗ ತ್ರೀಡಿಯಲ್ಲಿ ಮನೆಯನ್ನು ಸುತ್ತು ತಿರುಗಿಸಿ ನೋಡಿ. ಟಾಪ್ ಕನ್‌ಸ್ಟ್ರೇಂಟ್ ಕೊಟ್ಟ ಗೋಡೆಗಳು ಸ್ಲ್ಯಾಬಿನ ಜೊತೆಗೇ ಎದ್ದಿರುತ್ತವೆ. ಅನ್‌ಕನೆಕ್ಟೆಡ್ ಬಿಟ್ಟವು ಇದ್ದಲ್ಲೇ ನಿಂತು ಸ್ಲ್ಯಾಬಿನ ಅಡಿ ಸಂದು ಬಿಟ್ಟಿರುತ್ತವೆ. ಅವನ್ನು ಕಂಟ್ರೋಲ್ ಒತ್ತಿ ಒಟ್ಟಿಗೆ ಆರಿಸಿ, ಟಾಪ್ ಕನ್‌ಸ್ಟ್ರೇಂಟ್ ಬದಲಿಸಿ, ಸ್ಲ್ಯಾಬಿನ ಅಡಿಗೆ ಅಟ್ಯಾಚ್ ಮಾಡಿ. ಮೆಟ್ಟಿಲನ್ನು ಎಡಿಟ್ ಸ್ಟೇರ್‌ನಲ್ಲಿ ತೆರೆದು 18 ರೈಸರ್ ಇನ್ನೂ ಇದೆಯೇ ನೋಡಿ: 3150 ಭಾಗಿಸು 18 ಅಂದರೆ ಸರಿಯಾಗಿ 175, ಇನ್ನೂ ಮಿತಿಯೊಳಗೇ. ಸೆಕ್ಷನ್‌ನಲ್ಲಿ ತಲೆಯೆತ್ತರ ಮತ್ತೊಮ್ಮೆ ಅಳೆಯಿರಿ, ಬ್ಲಾಕಿನ ಲೆಕ್ಕ ಮತ್ತೊಮ್ಮೆ ತೆಗೆಯಿರಿ, ಪಿಡಿಎಫ್ ಹೊಸದಾಗಿ ಮಾಡಿ. ಇಷ್ಟು ಆದ ಮೇಲೆ ಎರಡನೇ ಮನೆಗೆ ಕೈ ಹಾಕಿ, ಅದಕ್ಕೆ 40×60 ಸೈಟು ತೆಗೆದುಕೊಳ್ಳಿ, ಈ ಬರಹ ನೋಡದೆ ಮಾಡಿ.